ಮೆಕ್ಕೆಜೋಳದ ಕಾಳಿನೊಳಗಿನ ಜೀವಗಳು

ಪ್ರಶ್ನೆ: ಬಿತ್ತನೆ ಬೀಜದ ಒಳಗೂ ಬ್ಯಾಕ್ಟೀರಿಯಾ ಇರುತ್ತವಂತೆ, ನಿಜವೇ? ಬೆಳೆಯನ್ನು ಪಳಗಿಸಿದಾಗ ಅವು ಬದಲಾದವೇ?

ಉತ್ತರ: ನಿಜ. ಕಾಳಿನ ಮೇಲ್ಮೈಯನ್ನು ರಾಸಾಯನಿಕದಿಂದ ತೊಳೆದು ಶುದ್ಧ ಮಾಡಿದ ಮೇಲೂ ಒಳಗಿನವು ಸಿಗುತ್ತವೆ. ಬೀಜ ಮೊಳೆತಾಗ ಸಸಿಯೊಳಗೆ ಮೊದಲು ನೆಲೆಯೂರುವವರಲ್ಲಿ ಇವೂ ಸೇರಿವೆ.

ನ್ಯಾಮತಿಯಿಂದ ಜಗಳೂರಿನವರೆಗೆ ಬಿತ್ತುವ ಮೆಕ್ಕೆಜೋಳವನ್ನೇ ನೋಡಿ. ಸುಮಾರು 9000 ವರ್ಷಗಳ ಹಿಂದೆ ಮೆಕ್ಸಿಕೋದಲ್ಲಿ ಟಿಯೊಸಿಂಟೆ ಎಂಬ ಕಾಡುಹುಲ್ಲಿನಿಂದ ಬಂದ ಬೆಳೆ ಅದು. ಆ ಹುಲ್ಲಿನ ತೆನೆಯಲ್ಲಿ ಬೆರಳೆಣಿಕೆಯ ಕಾಳು, ಒಂದೊಂದಕ್ಕೂ ಕಲ್ಲಿನಂಥ ಚಿಪ್ಪು. ಈಗಿನ ದಪ್ಪ ತೆನೆಗೆ ಹೋಲಿಸಿದರೆ ನಂಟೇ ಕಾಣದು! ಆದರೂ ಕೆನಡಾದ ಗೆಲ್ಫ್ ವಿಶ್ವವಿದ್ಯಾಲಯದವರು 2011ರಲ್ಲಿ ಎರಡರ ಬೀಜಗಳನ್ನೂ ಪರೀಕ್ಷಿಸಿದಾಗ ಕೆಲವು ಬ್ಯಾಕ್ಟೀರಿಯಾ ಗುಂಪುಗಳು ಎರಡರಲ್ಲೂ ಸಿಕ್ಕವು. ಹಾಗಾಗಿ ಪಳಗಿಸಿದ್ದರಿಂದ ಎಲ್ಲವೂ ಅಳಿದುಹೋಯಿತು ಎನ್ನುವುದು ಅವಸರದ ಮಾತು.

ಬದಲಾವಣೆಯೇ ಆಗಿಲ್ಲವೆಂದಲ್ಲ. ಚನ್ನಗಿರಿ, ಹೊನ್ನಾಳಿಯ ಭದ್ರಾ ನಾಲೆಯ ಗದ್ದೆಗಳಲ್ಲಿ ಬೆಳೆಯುವ ಭತ್ತದ ಕುಲವನ್ನು ದಕ್ಷಿಣ ಕೊರಿಯಾದ ವಿಜ್ಞಾನಿಗಳು ಪರಿಶೀಲಿಸಿ 2020ರಲ್ಲಿ ಪ್ರಕಟಿಸಿದರು: ಕಾಡುಭತ್ತದ ಬೀಜದಲ್ಲಿರುವ ಬ್ಯಾಕ್ಟೀರಿಯಾ, ಶಿಲೀಂಧ್ರಗಳ ಸಮುದಾಯವೇ ಬೇರೆ, ಪಳಗಿದ ಭತ್ತದ್ದೇ ಬೇರೆ. ತಳಿ ಆರಿಸುತ್ತಾ ಬಂದ ರೈತರು ತಮಗರಿವಿಲ್ಲದೆಯೇ ಕಾಳಿನೊಳಗಿನ ಒಕ್ಕಲನ್ನೂ ಆರಿಸಿದ್ದರು.