ಮಾಗಿದ ಮಾತು ‘ಪಕ್ಕಾ’

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸಂತೆಯಲ್ಲಿ ವ್ಯವಹಾರ ಕುದುರಿತೆಂದರೆ ‘ಪಕ್ಕಾ’ ಎಂಬ ಮಾತು ಕಿವಿಗೆ ಬೀಳುವುದು. ಇಂಗ್ಲಿಷರ ಆಡುನುಡಿಯಲ್ಲಿಯೂ ಇದೇ ಮಾತುಂಟು. ಅಲ್ಲಿ ಅದಕ್ಕೆ ಅಪ್ಪಟ, ಉತ್ತಮ ಎಂದರ್ಥ. ಭಾರತಕ್ಕೆ ಬಂದ ಇಂಗ್ಲಿಷರು ಹಿಂದೂಸ್ತಾನಿಯಿಂದ ಅದನ್ನು ಕಲಿತು ತಮ್ಮ ನಾಡಿಗೆ ಒಯ್ದರು. ಯೂಲ್ ಮತ್ತು ಬರ್ನೆಲ್ ವಿದ್ವಾಂಸರ ‘ಹಾಬ್ಸನ್-ಜಾಬ್ಸನ್’ ನಿಘಂಟಿನಲ್ಲಿ 1886ರಷ್ಟು ಹಿಂದೆಯೇ ಅದಕ್ಕೆ ಸ್ಥಾನ ದೊರೆತಿತ್ತು.

ಇದು ಪೇಟೆಯ ಬೆರಕೆ ಮಾತೆಂದು ಮಕ್ಕಳನ್ನು ಗದರಿಸುವ ಹಿರಿಯರುಂಟು. ಆದರೆ ಅದರ ಕುಲವನ್ನು ವಿಚಾರಿಸುತ್ತ ಹೊರಟವರು ನಮ್ಮ ಅಡಿಗೆಮನೆಗೇ ಬಂದು ನಿಲ್ಲಬೇಕಾಗುವುದು!

ಸಂಸ್ಕೃತದಲ್ಲಿ ‘ಪಚ್’ ಎಂದರೆ ಬೇಯಿಸು. ಬೆಂದುದು, ಮಾಗಿದುದು ‘ಪಕ್ವ’. ಅದು ಪ್ರಾಕೃತದಲ್ಲಿ ‘ಪಕ್ಕ’ವಾಗಿ, ಹಿಂದೂಸ್ತಾನಿಯಲ್ಲಿ ‘ಪಕ್ಕಾ’ ಆಯಿತು. ಸುಟ್ಟ ಇಟ್ಟಿಗೆಯ ಮನೆ ಪಕ್ಕಾ, ಹಸಿಮಣ್ಣಿನದು ಕಚ್ಚಾ. ಹಳೆಯ ತೂಕಗಳಲ್ಲಿ ಪಕ್ಕಾ ಸೇರು, ಕಚ್ಚಾ ಸೇರು ಎಂಬ ಭೇದವೂ ಇದ್ದಿತು.

‘ಪಾಕ’ವೂ ಇದೇ ಧಾತುವಿನ ಕೂಸು. ಗೋಕಾಕದ ಹೆಸರಾಂತ ಕರದಂಟನ್ನೇ ನೋಡಿ. ಅಂಟನ್ನು ತುಪ್ಪದಲ್ಲಿ ಕರಿಯುವುದರಿಂದ ಅದಕ್ಕೆ ಆ ಹೆಸರು. ಕರಿದ ಅಂಟು, ಕೊಬ್ಬರಿ, ಉತ್ತತ್ತಿ, ಗೋಡಂಬಿಗಳನ್ನು ಹಿಡಿದು ಕೂಡಿಸುವುದು ಬೆಲ್ಲದ ಪಾಕ. ಪಾಕ ಎಳೆಯದಾದರೆ ಉಂಡೆ ಕಟ್ಟದು; ಮೀರಿದರೆ ಕಲ್ಲಾಗುವುದು. ಹದಕ್ಕೆ ಬಂದುದೇ ಪಕ್ವ.

ನೆಂಟಸ್ತಿಕೆ ಇಲ್ಲಿಗೇ ಮುಗಿಯದು. ‘ಪಚ್’ ಧಾತುವಿಗೂ ಬೇಯಿಸು ಎಂಬರ್ಥದ ಲ್ಯಾಟಿನ್ ‘ಕೊಕ್ವೆರೆ’ಗೂ ಮೂಲ ಒಂದೇ. ಇಂಗ್ಲಿಷಿನ ‘ಕುಕ್’, ‘ಕಿಚನ್’ಗಳು ಆ ಲ್ಯಾಟಿನ್ನಿನಿಂದ ಬಂದವು, ಎರಡು ಸಲ ಬೇಯಿಸಿದ್ದೆಂಬ ಅರ್ಥದ ಬಿಸ್ಕತ್ತೂ ಅದೇ ಮನೆತನದ್ದು. ಇಂಗ್ಲಿಷರು ‘ಪಕ್ಕಾ’ವನ್ನು ಮನೆಗೆ ಕರೆದೊಯ್ದಾಗ ಅದರ ದಾಯಾದಿಗಳು ಅಲ್ಲಿ ಅದಾಗಲೇ ಒಲೆಯ ಮುಂದೆ ಕುಳಿತಿದ್ದರು.