ಶೀತದಲ್ಲಿ ಸೊರಗುವ ಬ್ಯಾಟರಿ
ಪ್ರಶ್ನೆ: ಲಡಾಖಿನ ಚಳಿಗಾಲದಲ್ಲಿ ಕ್ಯಾಮೆರಾದ ಬ್ಯಾಟರಿ ಬಹುಬೇಗ ಬರಿದಾಗುವುದೇಕೆ?

ಉತ್ತರ: ಬರಿದಾದಂತೆ ತೋರುವುದೇ ಹೊರತು ಅದು ನಿಜವಾಗಿ ಬರಿದಾಗಿರುವುದಿಲ್ಲ. ಲಿಥಿಯಂ-ಅಯಾನ್ ಬ್ಯಾಟರಿಯೊಳಗಿನ ದ್ರಾವಣದಲ್ಲಿ ಅಯಾನುಗಳ ಸಂಚಾರವು ಶೈತ್ಯದಿಂದ ಮಂದಗೊಂಡು, ಆಂತರಿಕ ರೋಧವು ಹೆಚ್ಚಿ, ಕ್ಯಾಮೆರಾ ವಿದ್ಯುತ್ತನ್ನು ಬೇಡಿದೊಡನೆಯೇ ವೋಲ್ಟೇಜು ಕುಸಿಯುವುದರಿಂದ, ಶಕ್ತಿಯು ಇನ್ನೂ ಸಂಚಿತವಾಗಿರುವಾಗಲೇ ಯಂತ್ರವು ಸ್ತಬ್ಧವಾಗುತ್ತದೆ. ಅಂತಹ ಬ್ಯಾಟರಿಯನ್ನು ಹೊರತೆಗೆದು ಒಳಂಗಿಯ ಜೇಬಿನಲ್ಲಿ ಮೈಯ ಕಾವಿನಲ್ಲಿರಿಸಿದರೆ ಬಹುಮಟ್ಟಿಗೆ ಚೇತರಿಸಿಕೊಳ್ಳುವುದರಿಂದ, ಹಿಮಚಿರತೆಗಾಗಿ ಕಾದು ಕುಳಿತವರು ಎರಡು-ಮೂರನ್ನು ಹಾಗೆ ಬೆಚ್ಚಗಿರಿಸಿಕೊಂಡು ಸರದಿಯಂತೆ ಬಳಸುವುದು ಲೇಸು. ಆದರೆ ನಾನು ಒತ್ತಿ ಹೇಳಬೇಕಾದುದು ಬೇರೊಂದಿದೆ: 0 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರುವ ಬ್ಯಾಟರಿಯನ್ನು ಎಂದಿಗೂ ಚಾರ್ಜ್ ಮಾಡಕೂಡದು, ಮಾಡಿದಲ್ಲಿ ಲಿಥಿಯಂ ಬ್ಯಾಟರಿಯೊಳಗಿನ ಗ್ರಾಫೈಟ್ ವಿದ್ಯುದ್ವಾರದೊಳಕ್ಕೆ ಸೇರದೆ ಅದರ ಮೇಲ್ಮೈಯಲ್ಲಿ ಲೋಹವಾಗಿ ಲೇಪಗೊಂಡು, ಬ್ಯಾಟರಿಯ ಸಾಮರ್ಥ್ಯವನ್ನು ಶಾಶ್ವತವಾಗಿ ಕುಗ್ಗಿಸುತ್ತದೆ.