ಡ್ರಾಪ್ ಶಿಪ್ಪಿಂಗ್ ವ್ಯಾಪಾರ: ಸರಬರಾಜುದಾರನನ್ನು ಪರೀಕ್ಷಿಸುವ ಬಗೆ

ಮಹಾನಗರಕ್ಕೆ ಬಂದು ನೆಲೆಸಿದ ಕನ್ನಡಿಗರು ವ್ಯಾಪಾರಕ್ಕೆ ಹೊಸಬರೇನೂ ಅಲ್ಲ. ಈ ಮುಂಬಯಿಯಲ್ಲಿ ಉಡುಪಿ ಹೋಟೆಲುಗಳನ್ನು ಕಟ್ಟಿ ಬೆಳೆಸಿದ ಹಿರಿಯರ ಸಾಹಸವು ಎಲ್ಲರಿಗೂ ತಿಳಿದದ್ದೇ ಆಗಿದೆ. ಆ ಹಿರಿಯರು ಜಾಗಕ್ಕೆ ಪಗಡಿ ಕೊಟ್ಟು, ಸಾಮಾನು ತುಂಬಿ, ಬೆಳಗಿನ ನಾಲ್ಕು ಗಂಟೆಗೆ ಎದ್ದು ದುಡಿದರು. ಇಂದಿನ ನಮ್ಮ ಯುವಕರಿಗೂ ಗೃಹಿಣಿಯರಿಗೂ ಬೇರೊಂದು ದಾರಿ ತೆರೆದಿದೆ. ಎರಡು ಕೋಣೆಗಳ ಮನೆಯಲ್ಲಿ ಕುಳಿತು, ಮಳಿಗೆಯಿಲ್ಲದೆ, ಗೋದಾಮಿಲ್ಲದೆ, ಕೇವಲ ಒಂದು ದೂರವಾಣಿಯ ಸಹಾಯದಿಂದ ದೇಶದ ಯಾವ ಮೂಲೆಗಾದರೂ ಸರಕು ಮಾರಬಹುದಾಗಿದೆ. ಈ ಪದ್ಧತಿಗೆ ಡ್ರಾಪ್ ಶಿಪ್ಪಿಂಗ್ ಎಂದು ಹೆಸರು.

ಇದರ ಕ್ರಮ ಸರಳವಾದುದು. ನಾವು ಅಂತರ್ಜಾಲದಲ್ಲಿ ಸರಕಿನ ಚಿತ್ರವನ್ನೂ ಬೆಲೆಯನ್ನೂ ಪ್ರಕಟಿಸುತ್ತೇವೆ. ಗಿರಾಕಿಯು ನಮಗೆ ಹಣ ಕೊಡುತ್ತಾನೆ. ನಾವು ಸರಬರಾಜುದಾರನಿಗೆ ಅವನ ದರವನ್ನು ಪಾವತಿಮಾಡಿ ಗಿರಾಕಿಯ ವಿಳಾಸವನ್ನು ತಿಳಿಸುತ್ತೇವೆ. ಸರಬರಾಜುದಾರನು ತನ್ನ ಗೋದಾಮಿನಿಂದ ನೇರವಾಗಿ ಗಿರಾಕಿಯ ಮನೆಗೆ ಪಾರ್ಸೆಲು ಕಳುಹಿಸುತ್ತಾನೆ. ನಡುವಿನ ಅಂತರವೇ ನಮ್ಮ ಲಾಭ. ಒಂದು ಕಾಲದಲ್ಲಿ ಪತ್ರಿಕೆಗಳ ಜಾಹೀರಾತು ನೋಡಿ ಜನ ವಿ.ಪಿ.ಪಿ. ಮೂಲಕ ಸರಕು ತರಿಸುತ್ತಿದ್ದುದನ್ನು ಹಿರಿಯ ವಾಚಕರು ಬಲ್ಲರು. ಅಲ್ಲಿ ಜಾಹೀರಾತು ಕೊಟ್ಟವನೇ ಪಾರ್ಸೆಲನ್ನು ಕಟ್ಟುತ್ತಿದ್ದನು. ಇಲ್ಲಿ ಮಾರುವವನು ತಾನು ಮಾರಿದ ಸರಕನ್ನು ಕಣ್ಣಿನಿಂದ ನೋಡಿರುವುದೇ ಇಲ್ಲ. ಎಲ್ಲ ತೊಡಕುಗಳಿಗೂ ಇದೇ ಮೂಲವಾಗಿದೆ.

ಒಂದು ಕಹಿ ಅನುಭವ

ಕೆಲವು ವರ್ಷಗಳ ಹಿಂದೆ, ದೀಪಾವಳಿ ಕಳೆದ ವಾರದಲ್ಲಿ, ಕನ್ನಡದ ಗೃಹಿಣಿಯೊಬ್ಬರು ನಮ್ಮ ಬ್ಯಾಂಕಿನ ಶಾಖೆಗೆ ಬಂದು ತಮ್ಮ ಠೇವಣಿಯನ್ನು ಅವಧಿಗೆ ಮುನ್ನವೇ ಮುರಿಸಿಕೊಡಬೇಕೆಂದು ಕೇಳಿದರು. ಬಡ್ಡಿ ನಷ್ಟವಾಗುವುದೆಂದು ತಿಳಿಸಿ ಕಾರಣ ಕೇಳಲಾಗಿ, ಅವರ ಕಣ್ಣು ತುಂಬಿಬಂತು. ಹಬ್ಬಕ್ಕೆಂದು 38 ಜನರಿಂದ ಇಳಕಲ್ ಸೀರೆಗೆ ತಲಾ 1,500 ರೂಪಾಯಿ ಪಡೆದಿದ್ದರು. ಚಿತ್ರ ತೋರಿಸಿದ್ದ ಸರಬರಾಜುದಾರನಿಗೆ ಪೂರ್ತಿ ಹಣ ಮುಂಗಡವಾಗಿ ಸಂದಿತ್ತು. 26 ಮಂದಿಗೆ ಬಂದದ್ದು ಯಂತ್ರಮಗ್ಗದ ಪಾಲಿಯೆಸ್ಟರ್ ಸೀರೆ. 12 ಮಂದಿಗೆ ಏನೂ ಬರಲಿಲ್ಲ. ಸರಬರಾಜುದಾರನ ದೂರವಾಣಿ ಮೌನವಾಗಿತ್ತು. ಕೊಂಡವರೆಲ್ಲರೂ ಬಂಧುಗಳು, ನೆರೆಯವರು, ಸಂಘದ ಸದಸ್ಯೆಯರು. "ಸರ್, ಅವರಿಗೆ ಆ ಮನುಷ್ಯನ ಹೆಸರೇ ಗೊತ್ತಿಲ್ಲ. ಅವರು ದುಡ್ಡು ಕೊಟ್ಟದ್ದು ನನ್ನನ್ನು ನೋಡಿ" ಎಂದು ಆಕೆ ಹೇಳಿದರು. 57,000 ರೂಪಾಯಿಯನ್ನು ಅವರವರಿಗೆ ಮರಳಿಸುವುದಕ್ಕಾಗಿ ಠೇವಣಿಯನ್ನು ಮುರಿಸಿದರು.

ಆಕೆಯ ಮಾತಿನಲ್ಲಿಯೇ ಈ ವ್ಯಾಪಾರದ ಸಾರವಿದೆ. ಸರಕು ಬೇರೆಯವರ ಗೋದಾಮಿನಲ್ಲಿರಬಹುದು. ಹೊಣೆಯನ್ನು ಮಾತ್ರ ಬೇರೆಯವರ ಗೋದಾಮಿನಲ್ಲಿ ಇಡಲಾಗದು. ಕಾನೂನಿನ ದೃಷ್ಟಿಯೂ ಇದೇ ಆಗಿದೆ. 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳ ಪ್ರಕಾರ, ದೋಷಯುಕ್ತವಾದ, ನಕಲಿಯಾದ ಅಥವಾ ವರ್ಣಿಸಿದ ಗುಣಗಳಿಲ್ಲದ ಸರಕನ್ನು ಹಿಂದಕ್ಕೆ ಪಡೆಯಲು ಇಲ್ಲವೇ ಹಣ ಮರಳಿಸಲು ಮಾರಾಟಗಾರನು ನಿರಾಕರಿಸುವಂತಿಲ್ಲ. ದೂರು ಬಂದ 48 ಗಂಟೆಗಳೊಳಗೆ ಸ್ವೀಕೃತಿ ನೀಡಿ, ಒಂದು ತಿಂಗಳೊಳಗೆ ಪರಿಹರಿಸಬೇಕು. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ಇನ್ನೂ ಒಂದು ಹೆಜ್ಜೆ ಮುಂದಿದೆ. ತಯಾರಕನು ಯಾರೆಂದು ತಿಳಿಯದಿದ್ದಲ್ಲಿ, ಅಥವಾ ಅವನಿಗೆ ನೋಟೀಸು ಜಾರಿಮಾಡಲು ಸಾಧ್ಯವಾಗದಿದ್ದಲ್ಲಿ, ಸರಕಿನ ದೋಷದಿಂದ ಉಂಟಾದ ಹಾನಿಗೆ ಮಾರಿದವನೇ ಹೊಣೆಯಾಗಬೇಕಾದೀತು. ಆದ್ದರಿಂದ ವಿಳಾಸವಿಲ್ಲದ ಸರಬರಾಜುದಾರನನ್ನು ನಂಬುವುದೆಂದರೆ ಅವನ ತಪ್ಪಿಗೆ ನಾವೇ ಜಾಮೀನು ನಿಂತಂತೆ.

ಬ್ಯಾಂಕಿನವರು ಸಾಲ ಕೇಳಿ ಬಂದವನ ಗುಣ, ಸಾಮರ್ಥ್ಯ, ಕಾಗದಪತ್ರ ಮೂರನ್ನೂ ಪರಿಶೀಲಿಸುತ್ತಾರೆ. ಸರಬರಾಜುದಾರನನ್ನು ಆರಿಸುವಾಗಲೂ ಅದೇ ಶಿಸ್ತು ಇರಬೇಕು.

ಮೊದಲು ಕಾಗದಪತ್ರ

ಸರಬರಾಜುದಾರನ ಜಿ.ಎಸ್.ಟಿ. ನೋಂದಣಿ ಸಂಖ್ಯೆಯನ್ನು ಮೊದಲು ಕೇಳಿರಿ. ಅದರಲ್ಲಿ 15 ಅಕ್ಷರ ಹಾಗೂ ಅಂಕಿಗಳಿರುತ್ತವೆ. ಮೊದಲಿನ ಎರಡು ಅಂಕಿಗಳು ರಾಜ್ಯವನ್ನು ಸೂಚಿಸುತ್ತವೆ: ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27, ಗುಜರಾತಿಗೆ 24, ತಮಿಳುನಾಡಿಗೆ 33. ಮುಂದಿನ ಹತ್ತು ಅವನ ಪ್ಯಾನ್ ಸಂಖ್ಯೆ. ಇಳಕಲ್ಲಿನ ನೇಕಾರರಿಂದ ನೇರವಾಗಿ ಕಳುಹಿಸುತ್ತೇನೆಂದು ಹೇಳುವವನ ಸಂಖ್ಯೆ 24ರಿಂದ ಆರಂಭವಾದರೆ, ವಿವರಣೆ ಕೇಳುವುದು ನಮ್ಮ ಹಕ್ಕು. ಜಿ.ಎಸ್.ಟಿ. ಜಾಲತಾಣದಲ್ಲಿ ಈ ಸಂಖ್ಯೆಯನ್ನು ನಮೂದಿಸಿದರೆ ಸಂಸ್ಥೆಯ ಹೆಸರು, ನೋಂದಣಿಯ ದಿನಾಂಕ, ನೋಂದಣಿ ಜಾರಿಯಲ್ಲಿದೆಯೇ ರದ್ದಾಗಿದೆಯೇ ಎಂಬುದು, ರಿಟರ್ನುಗಳನ್ನು ಸಲ್ಲಿಸಿದ ವಿವರ ಇವೆಲ್ಲವೂ ಯಾವ ಶುಲ್ಕವೂ ಇಲ್ಲದೆ ತಿಳಿಯುತ್ತವೆ. ಹತ್ತು ವರ್ಷಗಳ ಅನುಭವವಿದೆಯೆಂದು ಹೇಳಿಕೊಳ್ಳುವ ಸಂಸ್ಥೆಯ ನೋಂದಣಿಯು ಎರಡು ತಿಂಗಳ ಹಿಂದಿನದಾಗಿದ್ದರೆ ಎಚ್ಚರಗೊಳ್ಳುವುದು ಲೇಸು.

ರಿಟರ್ನುಗಳ ವಿವರಕ್ಕೆ ಇನ್ನೊಂದು ಮಹತ್ವವೂ ಉಂಟು. ಡ್ರಾಪ್ ಶಿಪ್ಪಿಂಗಿನಲ್ಲಿ ಸರಕು ಒಮ್ಮೆ ಮಾತ್ರ ಪ್ರಯಾಣ ಮಾಡಿದರೂ ಮಾರಾಟಗಳು ಎರಡು. ಸರಬರಾಜುದಾರನು ನಮಗೆ ಬಿಲ್ಲು ಮಾಡಬೇಕು. ನಾವು ಗಿರಾಕಿಗೆ ಬೇರೆ ಬಿಲ್ಲು ಮಾಡಬೇಕು. ನಾವು ಅವನಿಗೆ ಕೊಟ್ಟ ತೆರಿಗೆಯನ್ನು ನಮ್ಮ ತೆರಿಗೆಯಲ್ಲಿ ಕಳೆಯಬೇಕಾದರೆ, ಅವನು ತನ್ನ ರಿಟರ್ನಿನಲ್ಲಿ ನಮ್ಮ ಬಿಲ್ಲನ್ನು ತೋರಿಸಿ ತೆರಿಗೆಯನ್ನು ಸರಕಾರಕ್ಕೆ ಕಟ್ಟಿರಬೇಕು. ಅವನು ತಪ್ಪಿದರೆ ಭಾರ ನಮ್ಮ ಮೇಲೆ ಬೀಳುತ್ತದೆ. ರಾಜ್ಯದ ಗಡಿ ದಾಟಿ ಸರಕು ಮಾರುವವರಿಗೆ ಸಾಮಾನ್ಯವಾಗಿ ವಹಿವಾಟು ಎಷ್ಟೇ ಚಿಕ್ಕದಿದ್ದರೂ ನೋಂದಣಿ ಕಡ್ಡಾಯವಾದುದರಿಂದ, ಆರಂಭದಲ್ಲೇ ಒಬ್ಬ ಲೆಕ್ಕ ಪರಿಶೋಧಕರ ಸಲಹೆ ಪಡೆಯುವುದು ಯುಕ್ತ. ಸರಬರಾಜುದಾರನು ತನ್ನ ಬಿಲ್ಲನ್ನು ಪಾರ್ಸೆಲಿನೊಳಗೆ ಇಡದಂತೆ ಮೊದಲೇ ಒಪ್ಪಂದವಾಗಿರಬೇಕು. ಇಲ್ಲವಾದರೆ ನಮ್ಮ ಖರೀದಿಯ ದರ ಗಿರಾಕಿಯ ಕೈಸೇರುತ್ತದೆ!

ಸರಕಿನ ಮೂಲ ಮತ್ತು ಮಾದರಿ

ಸರಬರಾಜುದಾರರೆಂದು ಹೇಳಿಕೊಳ್ಳುವವರಲ್ಲಿ ಹಲವರು ನಮ್ಮಂತೆಯೇ ಮಧ್ಯವರ್ತಿಗಳು. ಅವರ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ ಇರುವುದುಂಟು. ಕೈ ಹೆಚ್ಚಿದಷ್ಟೂ ಲಾಭ ಕರಗುತ್ತದೆ, ಹೊಣೆ ಮಸುಕಾಗುತ್ತದೆ. ಹೀಗಾಗಿ "ಸರಕು ನಿಮ್ಮ ಬಳಿ ದಾಸ್ತಾನಿದೆಯೇ, ಎಷ್ಟಿದೆ, ಇಂದೇ ಅದರ ಚಿತ್ರ ಕಳುಹಿಸುವಿರಾ" ಎಂದು ಕೇಳಬೇಕು. ದಾಸ್ತಾನು ಇದ್ದವನು ಹತ್ತು ನಿಮಿಷದಲ್ಲಿ ಕಳುಹಿಸುತ್ತಾನೆ. ಇಲ್ಲದವನು ನಾಳೆ ಎನ್ನುತ್ತಾನೆ.

ಸರಕಿನ ಪರಿಚಯ ನಮಗೂ ಇರಬೇಕು. ಅಸಲು ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿಗೆ ಸೆರಗಿನ ರೇಷ್ಮೆಯ ಹಾಸನ್ನು ಕೊಂಡಿ ಹಾಕಿ ಜೋಡಿಸುತ್ತಾರೆ. ಆ ಜೋಡಣೆಯ ಸಾಲು ಕೈಗೆ ತಿಳಿಯುತ್ತದೆ. ಚಿತ್ರದಲ್ಲಿ ಇದು ಕಾಣದು. ಹೀಗಿರುವುದರಿಂದ, ಮಾರುವ ಮುನ್ನ ಪ್ರತಿಯೊಂದು ಬಗೆಯ ಸರಕನ್ನೂ ಒಮ್ಮೆ ನಾವೇ ಹಣ ಕೊಟ್ಟು ತರಿಸತಕ್ಕದ್ದು. ನಮ್ಮ ಹೆಸರಿಗಲ್ಲ, ಬೇರೆ ಊರಿನ ಸ್ನೇಹಿತರ ಹೆಸರಿಗೆ ತರಿಸುವುದು ಇನ್ನೂ ಉತ್ತಮ. ಸಾಮಾನ್ಯ ಗಿರಾಕಿಗೆ ಏನು ಬರುವುದೋ ಅದೇ ಅವರಿಗೂ ಬರುತ್ತದೆ. ಎಷ್ಟು ದಿನ ಹಿಡಿಯಿತು, ಕಟ್ಟು ಹೇಗಿತ್ತು, ಒಗೆದ ಮೇಲೆ ಬಣ್ಣ ಬಿಟ್ಟಿತೇ ಎಂಬುದನ್ನು ಬರೆದಿಡಿರಿ. ಆಮೇಲೆ ಒಂದು ಸೀರೆಯನ್ನು ಬೇಕೆಂದೇ ಹಿಂದಿರುಗಿಸಿ ನೋಡಿರಿ. ಸರಬರಾಜುದಾರನ ನಿಜವಾದ ಸ್ವಭಾವವು ಸರಕು ಕಳುಹಿಸುವಾಗ ಅಲ್ಲ, ಹಿಂದಕ್ಕೆ ಪಡೆಯುವಾಗ ಬೆಳಕಿಗೆ ಬರುತ್ತದೆ.

ಅಗ್ಗದ ದರದ ಲೆಕ್ಕ

ಇದನ್ನು ಒಂದು ಲೆಕ್ಕದಿಂದ ಸ್ಪಷ್ಟಪಡಿಸಬಹುದು. ತೆರಿಗೆಯನ್ನು ಬದಿಗಿಡೋಣ. ಸೀರೆಯ ಮಾರಾಟದ ಬೆಲೆ 1,500 ರೂ. ಎಂದೂ, ಕೊರಿಯರಿಗೆ 90 ರೂ. ಎಂದೂ, ಜಾಹೀರಾತು ಮೊದಲಾದ ಖರ್ಚಿಗೆ 110 ರೂ. ಎಂದೂ ಇಟ್ಟುಕೊಳ್ಳಿರಿ. ಮೊದಲನೆಯ ಸರಬರಾಜುದಾರನ ದರ 1,100 ರೂ.; ಮರಳಿ ಬಂದ ಸೀರೆಯನ್ನು ಅವನು ಪೂರ್ಣ ಬೆಲೆಗೆ ಹಿಂದಕ್ಕೆ ಪಡೆಯುತ್ತಾನೆ. ಎರಡನೆಯವನ ದರ 1,050 ರೂ.; ಆದರೆ ಮಾರಿದ ಸರಕನ್ನು ಅವನು ಹಿಂದಕ್ಕೆ ಪಡೆಯುವುದಿಲ್ಲ. 100 ಸೀರೆಗಳಲ್ಲಿ 12 ಮರಳಿ ಬಂದವೆನ್ನೋಣ.

ಮೊದಲನೆಯವನಲ್ಲಿ 88 ಸೀರೆಗಳ ಮೇಲೆ ತಲಾ 200ರಂತೆ 17,600 ರೂ. ಲಾಭ. ಮರಳಿದ 12ಕ್ಕೆ ಹೋಗುವ ಹಾಗೂ ಬರುವ ಕೊರಿಯರು, ಇತರ ಖರ್ಚು ಸೇರಿ ತಲಾ 290ರಂತೆ 3,480 ರೂ. ನಷ್ಟ. ಉಳಿಯುವುದು 14,120 ರೂ. ಎರಡನೆಯವನಲ್ಲಿ 88ರ ಮೇಲೆ ತಲಾ 250ರಂತೆ 22,000 ರೂ. ಲಾಭ, ಮರಳಿದ 12ಕ್ಕೆ ಸೀರೆಯ ಬೆಲೆಯೂ ಸೇರಿ ತಲಾ 1,340ರಂತೆ 16,080 ರೂ. ನಷ್ಟ. ಉಳಿಯುವುದು 5,920 ರೂ., ಮತ್ತು ಕಪಾಟಿನಲ್ಲಿ ಯಾರಿಗೂ ಬೇಡವಾದ ಹನ್ನೆರಡು ಸೀರೆಗಳು. ಐವತ್ತು ರೂಪಾಯಿಯ ಅಗ್ಗವು ಎಷ್ಟು ದುಬಾರಿಯೆಂಬುದನ್ನು ಇನ್ನು ವಿವರಿಸಬೇಕಾಗಿಲ್ಲ. ಹಣವನ್ನು ಮನೆಬಾಗಿಲಲ್ಲಿ ಪಡೆಯುವ ಪದ್ಧತಿಯಲ್ಲಿ ಗಿರಾಕಿಯು ಪಾರ್ಸೆಲನ್ನೇ ನಿರಾಕರಿಸುವ ಸಂಭವ ಹೆಚ್ಚಿರುವುದರಿಂದ, ಅಲ್ಲಿ ಈ ಷರತ್ತು ಇನ್ನೂ ಮುಖ್ಯ. ಎಷ್ಟು ದಿನಗಳೊಳಗೆ ಹಿಂದಿರುಗಿಸಬೇಕು, ಕೊರಿಯರಿನ ಖರ್ಚು ಯಾರದು, ಹಣ ಎಂದು ಬರುವುದು ಎಂಬ ಮೂರು ಪ್ರಶ್ನೆಗಳ ಉತ್ತರ ಬರವಣಿಗೆಯಲ್ಲಿರಲಿ.

ಹಣ ಕೊಡುವ ಕ್ರಮ

ವ್ಯಾಪಾರಕ್ಕೆ ಪ್ರತ್ಯೇಕವಾದ ಚಾಲ್ತಿ ಖಾತೆಯನ್ನು ತೆರೆಯಿರಿ. ಸರಬರಾಜುದಾರನ ಬ್ಯಾಂಕು ಖಾತೆಯ ಹೆಸರು ಜಿ.ಎಸ್.ಟಿ. ನೋಂದಣಿಯ ಹೆಸರಿಗೆ ಹೊಂದುತ್ತದೆಯೇ ಎಂದು ನೋಡದೆ ಹಣ ಕಳುಹಿಸಬೇಡಿರಿ. ಖಾತೆದಾರನ ಹೆಸರನ್ನು ಮೊದಲೇ ನೋಡಿಕೊಳ್ಳುವ ಸೌಲಭ್ಯವನ್ನು ಎನ್.ಇ.ಎಫ್.ಟಿ. ಮತ್ತು ಆರ್.ಟಿ.ಜಿ.ಎಸ್. ಪಾವತಿಗಳಲ್ಲಿ 2025ರ ಏಪ್ರಿಲ್ 1ರೊಳಗೆ ಒದಗಿಸಬೇಕೆಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಆದೇಶಿಸಿತು. ಮೇಲೆ ಹೇಳಿದ ಗೃಹಿಣಿಯು ಹಣ ಕಳುಹಿಸಿದ್ದು ಸಂಸ್ಥೆಯ ಖಾತೆಗಲ್ಲ, ಯಾರೋ ಒಬ್ಬ ವ್ಯಕ್ತಿಯ ಉಳಿತಾಯ ಖಾತೆಗೆ. ಮೊದಲ ತಿಂಗಳುಗಳಲ್ಲಿ ಒಂದೊಂದೇ ಆರ್ಡರಿಗೆ ಹಣ ಕೊಟ್ಟು, ಸರಕು ತಲುಪಿದುದನ್ನು ಖಚಿತಪಡಿಸಿಕೊಂಡು ಮುಂದುವರಿಯುವುದು ಕ್ಷೇಮ. ಮೋಸವಾಯಿತೆಂದು ತಿಳಿದ ಕೂಡಲೇ 1930 ಸಂಖ್ಯೆಗೆ ಕರೆಮಾಡಿ ಬ್ಯಾಂಕಿಗೂ ತಿಳಿಸಬೇಕು. ಇಲ್ಲಿ ಗಂಟೆಗಳು ಮುಖ್ಯ, ದಿನಗಳಲ್ಲ.

ದೇಹಕ್ಕೆ ಸಂಬಂಧಿಸಿದ ಸರಕುಗಳು

ಆರೋಗ್ಯ ವಿಷಯಕ ಲೇಖನಗಳಿರುವ ಈ ಸಂಚಿಕೆಯಲ್ಲಿ ಇದೊಂದು ಮಾತನ್ನು ವಿಶೇಷವಾಗಿ ಹೇಳಬೇಕು. ಸೀರೆ ಕೆಟ್ಟರೆ ಹಣ ಹೋದೀತು. ತಿನ್ನುವ, ಹಚ್ಚುವ ವಸ್ತು ಕೆಟ್ಟರೆ ಆರೋಗ್ಯ ಹೋಗುತ್ತದೆ. ಉಪ್ಪಿನಕಾಯಿ, ಚಟ್ನಿಪುಡಿಗಳ ಮೇಲೆ ಎಫ್.ಎಸ್.ಎಸ್.ಎ.ಐ.ನ 14 ಅಂಕಿಗಳ ಸಂಖ್ಯೆ ಇರಬೇಕು. ಅವನ್ನು ಮಾರುವ ನಮಗೂ ನೋಂದಣಿ ಬೇಕು. ಮುಖಕ್ಕೆ ಹಚ್ಚುವ ಕ್ರೀಮುಗಳ ಮೇಲೆ ತಯಾರಕನ ಹೆಸರು, ವಿಳಾಸ, ಪರವಾನಗಿ ಸಂಖ್ಯೆ ಇಲ್ಲದಿದ್ದರೆ ಮುಟ್ಟಲೇಬಾರದು. ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ. ಕುಶಲಕರ್ಮಿಗಳ ಕೆಲವು ಆಟಿಕೆಗಳಿಗೆ ಮಾತ್ರ ವಿನಾಯಿತಿಯುಂಟು. ಗುರುತಿನೊಂದಿಗಿರುವ ಸಂಖ್ಯೆಯನ್ನು ಬಿ.ಐ.ಎಸ್. ಸಂಸ್ಥೆಯ ಆ್ಯಪಿನಲ್ಲಿ ಪರೀಕ್ಷಿಸಬಹುದು. ಸಕ್ಕರೆ ಕಾಯಿಲೆಯನ್ನು ಗುಣಪಡಿಸುವ ಪುಡಿಯೆಂದು ಸರಬರಾಜುದಾರನು ಕಳುಹಿಸಿದ ಜಾಹೀರಾತನ್ನು ಹತ್ತು ಜನರಿಗೆ ಕಳುಹಿಸಿದರೆ, ಅದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಅಧಿನಿಯಮದ ಪ್ರಕಾರ ಅಪರಾಧವಾಗುತ್ತದೆ. ಅದಕ್ಕಿಂತ ಮಿಗಿಲಾಗಿ, ಅದನ್ನು ನಂಬಿ ಯಾರೋ ಒಬ್ಬರು ವೈದ್ಯರ ಮಾತ್ರೆಯನ್ನು ನಿಲ್ಲಿಸಿಬಿಡಬಹುದು.

ಉಪಸಂಹಾರ

"ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಎಂಬ ಗಾದೆ ನಮ್ಮಲ್ಲಿದೆ. ಪರಸ್ಥಳದಲ್ಲಿ ನೆಲೆಸಿದ ನಮಗೆ ವ್ಯಾಪಾರದ ಮೊದಲ ಗಿರಾಕಿಗಳು ನಮ್ಮವರೇ ಆಗಿರುತ್ತಾರೆ. ಅವರು ಸರಕಿಗಿಂತ ಮೊದಲು ನಮ್ಮ ಮಾತನ್ನು ಕೊಳ್ಳುತ್ತಾರೆ. ವರ್ಷಗಳಿಂದ ಗಳಿಸಿದ ಆ ವಿಶ್ವಾಸವನ್ನು ಕಾಣದ ಗೋದಾಮಿನ ಯಾವನೋ ಒಬ್ಬನ ದೊಣ್ಣೆಗೆ ಒಡ್ಡಬಾರದು.

ಠೇವಣಿ ಮುರಿಸಿದ ಆ ಗೃಹಿಣಿ ವ್ಯಾಪಾರವನ್ನು ಬಿಡಲಿಲ್ಲ. ಮರುವರ್ಷ ಪತಿಯೊಂದಿಗೆ ಇಳಕಲ್ಲಿಗೆ ಹೋಗಿ, ಮಗ್ಗವನ್ನು ಕಣ್ಣಾರೆ ನೋಡಿ, ಒಬ್ಬ ನೇಕಾರರೊಡನೆ ಬರವಣಿಗೆಯ ಒಪ್ಪಂದ ಮಾಡಿಕೊಂಡು ಬಂದರು. ಹಿಂದೆ ಹಣ ಮರಳಿ ಪಡೆದವರಲ್ಲಿ ಹಲವರು ಮತ್ತೆ ಅವರಲ್ಲಿಯೇ ಸೀರೆ ಕೊಂಡರು. ಹಣ ಹಿಂದಿರುಗಿಸಿದ್ದರಿಂದ ಠೇವಣಿ ಕರಗಿತ್ತು, ಹೆಸರು ಉಳಿದಿತ್ತು. ಹೊಸದಾಗಿ ಈ ದಾರಿಯಲ್ಲಿ ಕಾಲಿಡುವ ನಮ್ಮ ಬಾಂಧವರು ಠೇವಣಿಯನ್ನೂ ಹೆಸರನ್ನೂ ಎರಡನ್ನೂ ಉಳಿಸಿಕೊಳ್ಳುವಂತಾಗಲಿ ಎಂಬುದೇ ಈ ಲೇಖಕನ ಹಾರೈಕೆ.